ಗೇರ್ ಆಯಿಲ್ ಹಾಲು ಹಾಕಿದ ಚಾದ ಬಣ್ಣ, ಕೆಳಗಿನ ಸ್ಪಾರ್ಕ್ ಪ್ಲಗ್ ಒದ್ದೆ: ಔಟ್‌ಬೋರ್ಡಿಗೆ ನೀರು ಎಲ್ಲಿಂದ ಹೋಗ್ತಾ ಉಂಟು?

ಅಳಿವೆ_ದೋಣಿ

ನಾಡದೋಣಿಯ ಹಿಂಬದಿಗೆ ಸಿಕ್ಕಿಸುವ ಔಟ್‌ಬೋರ್ಡ್ ಎಂಜಿನ್. 9.9 ಎಚ್‌ಪಿ, ಟೂ-ಸ್ಟ್ರೋಕ್, ಎರಡು ಸಿಲಿಂಡರ್, ಹಗ್ಗ ಎಳೆದು ಸ್ಟಾರ್ಟ್ ಮಾಡುವುದು. ಪೆಟ್ರೋಲಿನಲ್ಲಿ ಸ್ಟಾರ್ಟ್, ಬಿಸಿಯಾದ ಮೇಲೆ ಸೀಮೆಎಣ್ಣೆ. ಆರು ವರ್ಷ ಹಳೆಯದು.

ತೊಂದರೆ ಎರಡು.

ಗೇರ್ ಆಯಿಲ್ ಬದಲಿಸಿ ಮೂರು ವಾರ ಆಗಿದೆ ಅಷ್ಟೆ. ಮೊನ್ನೆ ಕೆಳಗಿನ ಸ್ಕ್ರೂ ಬಿಚ್ಚಿದರೆ ಹಾಲು ಹಾಕಿದ ಚಾದ ಹಾಗೆ ಬಂತು.

ಇನ್ನೊಂದು, ಬೆಳಿಗ್ಗೆ ಸ್ಟಾರ್ಟ್ ಆಗ್ಲಿಕ್ಕೆ ಹದಿನೈದು ಇಪ್ಪತ್ತು ಸಲ ಎಳೀಬೇಕು. ಪ್ಲಗ್ ಬಿಚ್ಚಿ ನೋಡಿದರೆ ಮೇಲಿನದ್ದು ಸರಿ, ಕೆಳಗಿನದ್ದರ ತುದಿಯಲ್ಲಿ ಹನಿ ನಿಂತಿರ್ತದೆ. ಒರೆಸಿ ಹಾಕಿದರೆ ಸ್ಟಾರ್ಟ್ ಆಗಿ ಎರಡು ಮೂರು ನಿಮಿಷ ಬಿಳಿ ಹೊಗೆ, ಒಂದೇ ಸಿಲಿಂಡರಿನಲ್ಲಿ ಓಡಿದ ಹಾಗೆ ಸದ್ದು. ಆಮೇಲೆ ಮಧ್ಯಾಹ್ನದವರೆಗೆ ಏನೂ ತೊಂದರೆ ಇಲ್ಲ. ಹಿಂದಿನ ತೂತಿನಿಂದ ನೀರು ಚೆನ್ನಾಗಿಯೇ ಚಿಮ್ತದೆ, ಎಂಜಿನ್ ಬಿಸಿ ಆಗುವುದಿಲ್ಲ.

ಒಬ್ಬ ಮೆಕ್ಯಾನಿಕ್ ಹೆಡ್ ಗ್ಯಾಸ್ಕೆಟ್ (ಸಿಲಿಂಡರಿನ ಮುಚ್ಚಳದ ಅಡಿಯ ಪಟ್ಟಿ) ಹೋಗಿದೆ, ಅದೇ ನೀರು ಕೆಳಗೆ ಇಳಿದು ಗೇರ್ ಆಯಿಲಿಗೂ ಸೇರ್ತಾ ಉಂಟು ಅಂತ ಹೇಳಿದರು. ಇನ್ನೊಬ್ಬರು ಗೇರ್‌ಬಾಕ್ಸ್ ಪೂರ್ತಿ ಬದಲಿಸಿ ಅಂತ. ಈಗ ಟ್ರಾಲ್ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ರಜೆ, 10 ಎಚ್‌ಪಿ ಒಳಗಿನ ದೋಣಿ ಮಾತ್ರ ಹೋಗಬಹುದು. ಮೀನಿಗೆ ಒಳ್ಳೆ ರೇಟ್ ಸಿಗುವ ಹೊತ್ತಿನಲ್ಲೇ ಎಂಜಿನ್ ಬಿಚ್ಚಿ ಹಾಕಿ ಕೂರಲಿಕ್ಕೆ ಆಗುವುದಿಲ್ಲ. ಬಿಚ್ಚುವ ಮೊದಲೇ ನೀರು ಎಲ್ಲಿಂದ ಬರ್ತದೆ ಅಂತ ತಿಳಿಯುವ ದಾರಿ ಇದೆಯಾ?

ಹಳೇ_ಸ್ಪ್ಯಾನರ್

ಇದೆ. ಹೆಡ್ಡಿಗೆ ಸದ್ಯ ಕೈ ಹಾಕಬೇಡಿ.

ಸಿಲಿಂಡರಿನಿಂದ ಗೇರ್‌ಬಾಕ್ಸಿಗೆ ನೀರು ಇಳಿಯುವ ದಾರಿಯೇ ಈ ಎಂಜಿನ್ನಿನಲ್ಲಿ ಇಲ್ಲ. ಗೇರ್‌ಬಾಕ್ಸ್ ತಾನೇ ಒಂದು ಮುಚ್ಚಿದ ಡಬ್ಬಿ. ನಡುವೆ ಇರುವ ಉದ್ದನೆಯ ಕಾಲು ಹೊಗೆ ಮತ್ತು ನೀರು ಹೊರಗೆ ಹೋಗುವ ಜಾಗ, ಎರಡೂ ಫ್ಯಾನಿನ (ಪ್ರೊಪೆಲ್ಲರ್) ಹತ್ತಿರ ನೀರಿಗೇ ಬಿಡ್ತವೆ. ಹೆಡ್ ಗ್ಯಾಸ್ಕೆಟ್ ಪೂರ್ತಿ ಹರಿದರೂ ಗೇರ್ ಆಯಿಲ್ ಬೆಳ್ಳಗಾಗುವುದಿಲ್ಲ. ಹಾಗಾಗಿ ಇವು ಎರಡು ಬೇರೆ ಬೇರೆ ಕಾಯಿಲೆ, ಒಂದೇ ತಿಂಗಳಲ್ಲಿ ಕಂಡಿವೆ ಅಷ್ಟೆ. ಎರಡನ್ನೂ ಬೇರೆ ಬೇರೆಯಾಗಿಯೇ ಹುಡುಕಬೇಕು.

ಗೇರ್‌ಬಾಕ್ಸಿನದ್ದು ಸುಲಭ. ನೀರು ಬರುವ ಜಾಗ ನಾಲ್ಕೇ: ಆಯಿಲ್ ತುಂಬುವ ಎರಡು ಸ್ಕ್ರೂಗಳ ವಾಷರ್, ಫ್ಯಾನ್ ಶಾಫ್ಟಿನ ಸೀಲ್ (ನೀರು ತಡೆಯುವ ರಬ್ಬರ್ ಬಳೆ) ಮತ್ತು ಆ ಸೀಲ್ ಕೂತಿರುವ ಕ್ಯಾಪಿನ ಒ-ರಿಂಗ್, ವಾಟರ್ ಪಂಪಿನ ಅಡಿಯ ಡ್ರೈವ್ ಶಾಫ್ಟ್ ಸೀಲ್, ಗೇರ್ ಹಾಕುವ ರಾಡಿನ ಸೀಲ್. ಮೂರು ವಾರದ ಹಿಂದೆ ಆಯಿಲ್ ಬದಲಿಸಿದಾಗ ಹಳೆಯ ವಾಷರನ್ನೇ ಹಾಕಿದ್ದೀರಾ? ಹಾಕಿದ್ದರೆ ಅನುಮಾನ ಮೊದಲು ಅಲ್ಲಿಗೇ. ಆ ವಾಷರ್ ಒಂದು ಸಲ ಬಿಗಿದರೆ ಚಪ್ಪಟೆಯಾಗಿ ಕೂತುಬಿಡ್ತದೆ, ಎರಡನೇ ಸಲ ಹಿಡಿಯುವುದಿಲ್ಲ. ಕೆಲವೇ ರೂಪಾಯಿಯ ಸಾಮಾನು.

ಸಿಲಿಂಡರಿನ ನೀರಿಗೂ ನಾಲ್ಕು ದಾರಿ: ಇಂಧನದ ಜೊತೆ ಬಂದದ್ದು, ಹೆಡ್ ಗ್ಯಾಸ್ಕೆಟ್, ಬ್ಲಾಕಿನ ಬದಿಯ ಎಕ್ಸಾಸ್ಟ್ ಕವರ್ ತುಕ್ಕು ತಿಂದದ್ದು, ಮತ್ತೆ ಹೊಗೆ ಹೋಗುವ ದಾರಿಯಲ್ಲೇ ನೀರು ಹಿಂದಕ್ಕೆ ಬರುವುದು.

ನೀವು ಹೇಳಿದ್ದರಲ್ಲಿ ಒಂದು ಮಾತು ಹೆಡ್ ಗ್ಯಾಸ್ಕೆಟ್ಟಿಗೆ ಹೊಂದುವುದಿಲ್ಲ. ಗ್ಯಾಸ್ಕೆಟ್ ಹೋದ ಎಂಜಿನ್ ಓಡಿದ ಹಾಗೆ ಹದಗೆಡ್ತದೆ. ಬಿಸಿಯಾಗ್ತದೆ, ಪವರ್ ಬೀಳ್ತದೆ, ಚಿಮ್ಮುವ ನೀರಿನ ಜೊತೆ ಗಾಳಿಗುಳ್ಳೆ ಬರ್ತದೆ. ನಿಮ್ಮದು ಬೆಳಿಗ್ಗೆ ಮಾತ್ರ ಒದ್ದೆ, ದಿನವಿಡೀ ಸರಿ. ಅಂದರೆ ನೀರು ಓಡುವಾಗ ಹೋಗ್ತಾ ಇಲ್ಲ, ನಿಂತಿರುವಾಗ ಹೋಗ್ತಾ ಉಂಟು.

ಹಾಗಾದರೆ ಹೇಳಿ, ರಾತ್ರಿ ಎಂಜಿನ್ ಎಲ್ಲಿರ್ತದೆ? ದೋಣಿಯ ಮೇಲೇ ಬಿಡ್ತೀರಾ, ಬಿಚ್ಚಿ ತರ್ತೀರಾ? ತಂದರೆ ಹೇಗೆ ಇಡ್ತೀರಿ?

ಇನ್ನೊಂದು ಸಣ್ಣ ಕೆಲಸ: ನಾಳೆ ಬೆಳಿಗ್ಗೆ ಪ್ಲಗ್ಗಿನ ಹನಿಯನ್ನು ಒರೆಸಿ ಬಿಸಾಡಬೇಡಿ. ಒಂದು ಹನಿ ಬಿಳಿ ಕಾಗದಕ್ಕೆ, ಒಂದು ಹನಿ ಗಾಜಿನ ಚೂರಿಗೆ. ಸೀಮೆಎಣ್ಣೆಯಾದರೆ ಕಾಗದದಲ್ಲಿ ಎಣ್ಣೆಕಲೆ ಹರಡ್ತದೆ. ನೀರಾದರೆ ಕಾಗದ ಒದ್ದೆಯಾಗಿ ಒಣಗ್ತದೆ, ಅಷ್ಟೆ. ಗಾಜಿನ ಮೇಲಿನ ಹನಿ ಒಣಗಿದ ಮೇಲೆ ಬಿಸಿಲಿಗೆ ಹಿಡಿದು ನೋಡಿ. ಬಿಳಿ ಉಪ್ಪಿನ ಹರಳು ಉಳಿದಿದ್ದರೆ ಸಮುದ್ರದ ನೀರು. ಏನೂ ಉಳಿಯದಿದ್ದರೆ ಟ್ಯಾಂಕಿನೊಳಗೆ ಬೆವರಿದ ನೀರೋ ಮಳೆನೀರೋ ಇಂಧನದ ಜೊತೆ ಬರ್ತಾ ಉಂಟು. ಮಳೆಗಾಲದಲ್ಲಿ ಅಳಿವೆಯ ಒಳಗಿನ ನೀರು ಸುಮಾರು ಸಿಹಿಯೇ ಇರ್ತದೆ, ಆದ್ದರಿಂದ ಹೊರಗೆ ಕಡಲಿನಲ್ಲಿ ಓಡಿಸಿ ಬಂದ ಮರುದಿನ ನೋಡಿದರೆ ಮಾತ್ರ ಇದನ್ನು ನಂಬಬಹುದು.

ಮಲ್ಪೆ_ಟೂಸ್ಟ್ರೋಕ್

ಗೇರ್‌ಬಾಕ್ಸಿನ ಭಾಗ ನಾನು ಹೇಳ್ತೇನೆ.

ಎಂಜಿನ್ ಓಡಿಸದೆ 24 ಗಂಟೆ ನೆಟ್ಟಗೆ ನಿಲ್ಲಿಸಿ. ಆಯಿಲಿಗಿಂತ ನೀರು ಭಾರ, ತಳಕ್ಕೆ ಕೂರ್ತದೆ. ಕೆಳಗೆ ಗಾಜಿನ ಬಾಟ್ಲಿ ಹಿಡಿದು, ಮೇಲಿನ ಸ್ಕ್ರೂ ಮುಟ್ಟದೆ ಕೆಳಗಿನದ್ದನ್ನು ಮಾತ್ರ ನಿಧಾನ ಸಡಿಲಿಸಿ. ಮೊದಲು ಬರುವುದು ಏನು ಅಂತ ನೋಡಿ. ಆಮೇಲೆ ಮೇಲಿನದ್ದನ್ನೂ ಬಿಚ್ಚಿ ಪೂರ್ತಿ ಇಳಿಸಿ, ಬಾಟ್ಲಿಯನ್ನು ಎರಡು ದಿನ ಅಲುಗಾಡಿಸದೆ ಇಡಿ. ಈ ಗಾತ್ರದ ಗೇರ್‌ಬಾಕ್ಸಿಗೆ ಹಿಡಿಯುವುದು ಕಾಲು ಲೀಟರ್ ಆಸುಪಾಸು. ಅದರಲ್ಲಿ ಒಂದು ಚಮಚ ನೀರು ಅಂದರೆ ವಾಷರಿನಂಥ ಸಣ್ಣ ಸೋರಿಕೆ. ಮೂವತ್ತು ನಲ್ವತ್ತು ಎಂಎಲ್ ಅಂದರೆ ಸೀಲ್ ಬಾಯಿ ಬಿಟ್ಟಿದೆ. ಸ್ಕ್ರೂವಿನ ತುದಿಗೆ ಅಂಟಿದ್ದನ್ನೂ ಬೆರಳಲ್ಲಿ ಉಜ್ಜಿ ನೋಡಿ. ನುಣ್ಣಗೆ ಬೂದು ಪೇಸ್ಟ್ ಆದರೆ ಸವೆತ, ಹೆದರುವುದು ಬೇಡ. ಚುಚ್ಚುವ ಚೂರು ಸಿಕ್ಕರೆ ಮಾತ್ರ ಗೇರ್‌ಬಾಕ್ಸ್ ಪೂರ್ತಿ ಬಿಚ್ಚುವ ಮಾತು.

ಆಯಿಲ್ ಹೊರಗೆ ಸೋರುವುದಿಲ್ಲ, ನೀರು ಮಾತ್ರ ಒಳಗೆ ಹೋಗ್ತದೆ, ಇದು ಹೇಗೆ ಅಂತ ತುಂಬ ಜನ ಕೇಳ್ತಾರೆ. ಓಡುವಾಗ ಗೇರ್‌ಬಾಕ್ಸ್ ಬಿಸಿಯಾಗಿ ಒಳಗಿನ ಗಾಳಿ ಹಿಗ್ಗಿರ್ತದೆ. ನಿಲ್ಲಿಸಿದ ಕೂಡಲೇ ಸುತ್ತಲಿನ ತಣ್ಣೀರಿಗೆ ಅದು ಕುಗ್ಗಿ ಒಳಗೆ ಸೆಳೆತ ಹುಟ್ತದೆ. ಸೀಲಿನ ಹೊರತುಟಿ ಸವೆದಿದ್ದರೆ ಆ ಸೆಳೆತಕ್ಕೆ ನೀರು ಒಳಗೆ ಬರ್ತದೆ. ಬಲೆ ಬಿಟ್ಟು ಎಂಜಿನ್ ಆಫ್ ಮಾಡಿ ಕಾಯುವ ದೋಣಿಗಳಲ್ಲಿ ಇದು ದಿನಕ್ಕೆ ನಾಲ್ಕೈದು ಸಲ ಆಗ್ತದೆ.

ಈಗ ಪರೀಕ್ಷೆ. ಹಳೆಯ ಡ್ರೈನ್ ಸ್ಕ್ರೂ ಒಂದಕ್ಕೆ ನಡುವೆ ತೂತು ಕೊರೆದು ಸಣ್ಣ ಹಿತ್ತಾಳೆ ನಳಿಗೆ ಬೆಸೆಸಿ. ಲೇತ್ ಅಂಗಡಿಯಲ್ಲಿ ಹತ್ತು ನಿಮಿಷದ ಕೆಲಸ. ಆಯಿಲ್ ಇಳಿಸಿದ ಮೇಲೆ ಅದನ್ನು ಮೇಲಿನ ತೂತಿಗೆ ಹಾಕಿ, ಕೆಳಗಿನ ಸ್ಕ್ರೂವನ್ನು ಹೊಸ ವಾಷರ್ ಹಾಕಿ ಬಿಗಿಯಿರಿ. ಮೊದಲು ಕಡಿಮೆ ಒತ್ತಡ. ಇದಕ್ಕೆ ಬಿಪಿ ನೋಡುವ ಗಡಿಯಾರದ ಮೀಟರ್ ಮತ್ತು ರಬ್ಬರ್ ಬುರುಡೆ ತುಂಬ ಒಳ್ಳೆಯದು, 250ಕ್ಕೆ ಏರಿಸಿದರೆ ಹೆಚ್ಚು ಕಡಿಮೆ 5 ಪಿಎಸ್‌ಐ. ಮುಳ್ಳು ಇಳಿಯುವುದು ಕಣ್ಣಿಗೇ ಕಾಣ್ತದೆ. ಅದು ನಿಂತರೆ ಸೈಕಲ್ ಪಂಪ್ ಮತ್ತು ಸಣ್ಣ ಗೇಜಿನಲ್ಲಿ 10 ಪಿಎಸ್‌ಐ ವರೆಗೆ ಹೋಗಿ ಐದು ನಿಮಿಷ ಬಿಡಿ.

ಸುಮ್ಮನೆ ಗೇಜ್ ನೋಡಿ ಮುಗಿಸಬೇಡಿ. ಒತ್ತಡ ಇರುವಾಗಲೇ ಫ್ಯಾನ್ ಶಾಫ್ಟನ್ನು ಕೈಯಲ್ಲಿ ನಿಧಾನ ತಿರುಗಿಸಿ (ಪ್ಲಗ್ ವಯರ್ ಕಿತ್ತಿಟ್ಟು), ಮೇಲೆ ಕೆಳಗೆ ಅಲುಗಾಡಿಸಿ, ಗೇರನ್ನು ಮುಂದೆ, ನ್ಯೂಟ್ರಲ್, ಹಿಂದೆ ಹಾಕಿ. ನಿಂತಾಗ ಹಿಡಿದು ತಿರುಗಿದಾಗ ಬಿಡುವ ಸೀಲುಗಳೇ ಜಾಸ್ತಿ. ಕಾಲನ್ನು ಡ್ರಮ್ಮಿನ ನೀರಿನಲ್ಲಿ ಮುಳುಗಿಸಿದರೆ ಗುಳ್ಳೆ ಎಲ್ಲಿಂದ ಬರ್ತದೆ ಅಂತ ಬೆರಳಿಟ್ಟು ತೋರಿಸಬಹುದು: ಶಾಫ್ಟಿನ ಸುತ್ತ ಬಂದರೆ ಸೀಲ್, ಕ್ಯಾಪಿನ ಅಂಚಿನಿಂದ ಬಂದರೆ ಒ-ರಿಂಗ್, ಕಾಲಿನ ಒಳಗಿನಿಂದ ಮೇಲಕ್ಕೆ ಬಂದರೆ ಡ್ರೈವ್ ಶಾಫ್ಟ್ ಅಥವಾ ಗೇರ್ ರಾಡ್.

ಒತ್ತಡದಲ್ಲಿ ಪಾಸಾದರೂ ಸೆಳೆತದಲ್ಲಿ ಫೇಲಾಗುವುದು ಉಂಟು, ಮೇಲೆ ಹೇಳಿದ ಕಾರಣಕ್ಕೇ. ಕಾರಿನ ಬ್ರೇಕ್ ಬ್ಲೀಡ್ ಮಾಡುವ ಕೈಪಂಪ್ ಸಿಕ್ಕರೆ ಅದೇ ಸ್ಕ್ರೂಗೆ ಸಿಕ್ಕಿಸಿ 5 ಇಂಚು, ಆಮೇಲೆ 15 ಇಂಚು ಪಾದರಸದಷ್ಟು ಎಳೆದು ನೋಡಿ.

ಬಂದರು_ಬಾಯ್

ಇಷ್ಟೆಲ್ಲ ಯಾಕೆ ಮಾರಾಯ್ರೆ, ಟಯರ್ ಅಂಗಡಿಯ ಕಂಪ್ರೆಸರ್ ಪೈಪ್ ಹಿಡಿದರೆ ಒಂದೇ ಸಲಕ್ಕೆ ಗೊತ್ತಾಗ್ತದೆ. ಕ್ಯಾಪಿನ ಸುತ್ತ ಸಿಲಿಕಾನ್ ಮೆತ್ತಿದರೆ ಸೀಸನ್ ಕಳೀತದೆ.

ಮಲ್ಪೆ_ಟೂಸ್ಟ್ರೋಕ್

ಗೊತ್ತಾಗ್ತದೆ ಹೌದು, ಆದರೆ ಚೆನ್ನಾಗಿದ್ದ ಸೀಲೂ ಹೋಗಿರ್ತದೆ. ಕಂಪ್ರೆಸರ್ ಟ್ಯಾಂಕಿನಲ್ಲಿ ನೂರು ಪಿಎಸ್‌ಐ ಮೇಲೆ ಇರ್ತದೆ. ಈ ಸೀಲಿನ ತುಟಿ 15 ದಾಟಿದರೆ ಮಗುಚಿ ಹೊರಗೆ ಬರುವ ಅಪಾಯ ಉಂಟು. ಆಮೇಲೆ ಮೊದಲಿನ ಸೋರಿಕೆ ಯಾವುದು, ನಾವು ಮಾಡಿದ್ದು ಯಾವುದು ಅಂತ ಬೇರ್ಪಡಿಸಲಿಕ್ಕೆ ಆಗುವುದಿಲ್ಲ.

ಸಿಲಿಕಾನ್ ವಿಷಯ: ಹೊರಗೆ ಮೆತ್ತಿದ್ದು ಶಾಫ್ಟ್ ತಿರುಗುವ ಜಾಗಕ್ಕೆ ಏನೂ ಮಾಡುವುದಿಲ್ಲ. ಒಳಗೆ ಹಿಂಡಿಕೊಂಡದ್ದು ತುಂಡಾಗಿ ಬೇರಿಂಗಿಗೆ ಹೋಗ್ತದೆ.

ಅಳಿವೆ_ದೋಣಿ

ಮಾಡಿ ನೋಡಿದೆ.

ಕೆಳಗಿನ ಸ್ಕ್ರೂ ಸಡಿಲಿಸಿದಾಗ ಮೊದಲು ನೀರೇ ಬಂತು, ಆಮೇಲೆ ಚಾ. ಎರಡು ದಿನ ಇಟ್ಟ ಬಾಟ್ಲಿಯಲ್ಲಿ ತಳದ ನೀರು ಹತ್ತಿರ ಹತ್ತಿರ 40 ಎಂಎಲ್. ಸ್ಕ್ರೂ ತುದಿಯಲ್ಲಿ ಬೂದು ಪೇಸ್ಟ್ ಮಾತ್ರ, ಚೂರಿಲ್ಲ. ವಾಷರ್ ಹಳೆಯದೇ ಹಾಕಿದ್ದು ಹೌದು.

ಬಿಪಿ ಮೀಟರಿನಲ್ಲಿ 250 ನಿಂತಿತು. ಫ್ಯಾನ್ ಶಾಫ್ಟ್ ತಿರುಗಿಸಿದ ಕೂಡಲೇ ಮುಳ್ಳು ಇಳಿಯಿತು. ಡ್ರಮ್ಮಿನಲ್ಲಿ ಗುಳ್ಳೆ ಶಾಫ್ಟಿನ ಸುತ್ತಲೇ. ಫ್ಯಾನ್ ಬಿಚ್ಚಿದರೆ ಹಿಂದಿನ ವಾಷರಿನ ಒಳಗೆ ಬಲೆಯ ನೈಲಾನ್ ನೂಲು ಬಳೆಯ ಹಾಗೆ ಸುತ್ತಿ ಕೂತಿದೆ, ಬಿಸಿಗೆ ಕರಗಿ ಒಂದಕ್ಕೊಂದು ಅಂಟಿ ಗಟ್ಟಿಯಾಗಿದೆ. ಚಾಕುವಿನಲ್ಲಿ ಕೊಯ್ದು ತೆಗೆದೆ. ಹೊರಗಿನ ಸೀಲಿನ ತುಟಿ ಒಂದು ಕಡೆ ಹರಿದಿದೆ.

ಗಾಜಿನ ಹನಿಯಲ್ಲಿ ಉಪ್ಪು ಸ್ಪಷ್ಟ ಕಂಡಿತು.

ರಾತ್ರಿ ಇಡುವ ವಿಷಯ: ದಡಕ್ಕೆ ಬಂದ ಕೂಡಲೇ ಇಬ್ಬರು ಹೊತ್ತು ಶೆಡ್ಡಿಗೆ ತರ್ತೇವೆ. ತಲೆ (ಸಿಲಿಂಡರ್ ಇರುವ ಮೇಲ್ಭಾಗ) ನೆಲದಲ್ಲಿ ಗೋಣಿಯ ಮೇಲೆ, ಫ್ಯಾನ್ ಪೆಟ್ಟಾಗಬಾರದು ಅಂತ ಕಾಲನ್ನು ಕಟ್ಟೆಯ ಮೇಲೆ ಇಡ್ತೇವೆ. ಇದಕ್ಕೂ ಅದಕ್ಕೂ ಸಂಬಂಧ ಉಂಟಾ?

ಹಳೇ_ಸ್ಪ್ಯಾನರ್

ಉಂಟು, ಅಷ್ಟೇ ಅಲ್ಲ, ಬಹುಶಃ ಅದೇ ಕಾರಣ.

ಎಂಜಿನ್ ನಿಲ್ಲಿಸಿದ ಮೇಲೂ ಕಾಲಿನೊಳಗೆ ಹೊಗೆಯ ದಾರಿಯಲ್ಲಿ, ಬ್ಲಾಕಿನ ಸುತ್ತಲಿನ ನೀರಿನ ಜಾಗದಲ್ಲಿ ನೀರು ಉಳಿದಿರ್ತದೆ. ನೆಟ್ಟಗೆ ಹಿಡಿದರೆ ಒಂದೆರಡು ನಿಮಿಷದಲ್ಲಿ ಕೆಳಗೆ ಸುರಿದು ಹೋಗ್ತದೆ. ಅದು ಇಳಿಯುವ ಮೊದಲೇ ಕಾಲು ಮೇಲೆ, ತಲೆ ಕೆಳಗೆ ಮಾಡಿದರೆ ನೀರು ಹೊಗೆಯ ದಾರಿಯಲ್ಲೇ ತಲೆಯ ಕಡೆಗೆ ಹರಿದು ಎಕ್ಸಾಸ್ಟ್ ಪೋರ್ಟಿನಿಂದ ಸಿಲಿಂಡರಿಗೆ ಇಳೀತದೆ. ಕೆಳಗಿನ ಸಿಲಿಂಡರ್ ಆ ದಾರಿಗೆ ಹತ್ತಿರ, ಮೊದಲು ಸಿಗುವುದು ಅದೇ. ಪಿಸ್ಟನ್ ಎಲ್ಲಿ ನಿಂತಿದೆ ಅನ್ನುವುದರ ಮೇಲೂ ಹೋಗ್ತದೆ, ಪೋರ್ಟ್ ಮುಚ್ಚಿದ್ದರೆ ಆ ದಿನ ಒದ್ದೆ ಇರುವುದಿಲ್ಲ. ಯಾವತ್ತೋ ಒಂದು ದಿನ ಒಂದೇ ಎಳೆತಕ್ಕೆ ಸ್ಟಾರ್ಟ್ ಆದದ್ದು ನೆನಪಿಗೆ ಬಂದರೆ ಕಾರಣ ಇದು. ಹೊತ್ತು ತರುವಾಗಲೂ ಇಡುವಾಗಲೂ ತಲೆ ಫ್ಯಾನಿಗಿಂತ ಎತ್ತರ ಇರಬೇಕು ಅಂತ ಎಂಜಿನ್ ಜೊತೆ ಕೊಡುವ ಪುಸ್ತಕದಲ್ಲೇ ಬರೆದಿರ್ತದೆ. ಯಾರೂ ಓದುವುದಿಲ್ಲ.

ಖಾತ್ರಿ ಮಾಡಿಕೊಳ್ಳಲಿಕ್ಕೆ ಎರಡು ರಾತ್ರಿ ಸಾಕು. ಮೊದಲ ದಿನ ಡ್ರಮ್ಮಿನಲ್ಲಿ ಹತ್ತು ನಿಮಿಷ ಓಡಿಸಿ, ನಿಲ್ಲಿಸಿ, ಮರದ ಸ್ಟ್ಯಾಂಡಿನಲ್ಲಿ ನೆಟ್ಟಗೆ ರಾತ್ರಿ ಬಿಡಿ, ಡ್ರಮ್ ತೆಗೆದು. ಬೆಳಿಗ್ಗೆ ಹಗ್ಗ ಎಳೆಯುವ ಮೊದಲೇ ಪ್ಲಗ್ ಬಿಚ್ಚಿ ನೋಡಿ. ಮರುದಿನ ಹಾಗೆಯೇ ಓಡಿಸಿ, ನಿಮ್ಮ ಮಾಮೂಲಿ ಕ್ರಮದಲ್ಲಿ ಮಲಗಿಸಿ, ಬೆಳಿಗ್ಗೆ ನೋಡಿ. ನೆಟ್ಟಗೆ ನಿಂತಾಗ ಒಣಗಿದ್ದು, ಮಲಗಿದಾಗ ಮಾತ್ರ ಒದ್ದೆ ಅಂದರೆ ಹೆಡ್ ಬಿಚ್ಚುವ ಕೆಲಸವೇ ಇಲ್ಲ. ನೆಟ್ಟಗೆ ನಿಂತಾಗಲೂ ಒದ್ದೆ ಇದ್ದರೆ ಮಾತ್ರ ಹೆಡ್ ಅಥವಾ ಎಕ್ಸಾಸ್ಟ್ ಕವರ್.

ಜೊತೆಗೆ ಕಂಪ್ರೆಷನ್ ನೋಡಿಬಿಡಿ. ಎರಡೂ ಪ್ಲಗ್ ಬಿಚ್ಚಿ, ಎಂಜಿನ್ ಬಂದ್ ಮಾಡುವ ಕೆಂಪು ಸುರಕ್ಷತಾ ಹಗ್ಗ ಕಿತ್ತು, ಪ್ಲಗ್ ವಯರುಗಳನ್ನು ಬ್ಲಾಕಿಗೆ ಅರ್ಥ್ ಮಾಡಿ (ಸುಮ್ಮನೆ ನೇತು ಬಿಟ್ಟರೆ ಪ್ಲಗ್ಗಿಗೆ ಕಿಡಿ ಕೊಡುವ ಸಿಡಿಐ ಸುಟ್ಟುಹೋಗಬಹುದು), ಥ್ರಾಟಲ್ ಪೂರ್ತಿ ತೆರೆದು, ಮುಳ್ಳು ನಿಲ್ಲುವವರೆಗೆ ಐದಾರು ಸಲ ಎಳೆಯಿರಿ. ಎಷ್ಟು ಬಂತು ಅನ್ನುವುದಕ್ಕಿಂತ ಎರಡರ ನಡುವಿನ ವ್ಯತ್ಯಾಸ ಮುಖ್ಯ. ನೂರಕ್ಕೆ ಹತ್ತರ ಒಳಗಿದ್ದರೆ ನೆಮ್ಮದಿ. ಪ್ಲಗ್ ತೂತಿನಿಂದ ಟಾರ್ಚ್ ಹಾಕಿ ಪಿಸ್ಟನ್ ತಲೆಯನ್ನೂ ನೋಡಿ. ಓಡುವಾಗ ನೀರು ಹೋಗುವ ಸಿಲಿಂಡರಿನಲ್ಲಿ ಆವಿ ಮಸಿಯನ್ನೆಲ್ಲ ತೊಳೆದು ಪಿಸ್ಟನ್ ಹೊಸ ಪಾತ್ರೆಯ ಹಾಗೆ ಹೊಳೀತದೆ. ಎರಡೂ ಒಂದೇ ಥರ ಕಪ್ಪಗಿದ್ದರೆ ಅದು ಒಳ್ಳೆಯ ಲಕ್ಷಣ.

ಮುಖ್ಯವಾದ್ದು ಇನ್ನೊಂದು. ಇಷ್ಟು ದಿನ ಉಪ್ಪುನೀರು ರಾತ್ರಿಯಿಡೀ ಸಿಲಿಂಡರಿನಲ್ಲಿ ನಿಂತಿದೆ. ಅಲ್ಲಿಂದ ಕ್ರ್ಯಾಂಕ್ ಕೇಸಿಗೂ ಇಳಿದಿರ್ತದೆ. ಟೂ-ಸ್ಟ್ರೋಕಿನ ಬೇರಿಂಗಿಗೆ ಬೇರೆ ಆಯಿಲ್ ಇಲ್ಲ, ಇಂಧನದಲ್ಲಿ ಬರುವುದೇ ಎಲ್ಲ. ಒದ್ದೆ ಬೇರಿಂಗಿಗೆ ಒಂದು ರಾತ್ರಿ ಸಾಕು ತುಕ್ಕು ಹಿಡೀಲಿಕ್ಕೆ. ಆದ್ದರಿಂದ ಪರೀಕ್ಷೆಯ ಹೊತ್ತಿನಲ್ಲೂ ಪ್ಲಗ್ ಒದ್ದೆ ಕಂಡ ಕೂಡಲೇ, ಪ್ಲಗ್ ತೂತು ಕೆಳಮುಖ ಆಗುವ ಹಾಗೆ ಹಿಡಿದು (ಕಾಲು ಮೇಲಕ್ಕೆ ಹೋಗದಂತೆ) ನಿಧಾನಕ್ಕೆ ಹದಿನೈದು ಇಪ್ಪತ್ತು ಸಲ ಎಳೆದು ನೀರು ಉಗುಳಿಸಿ. ಪ್ಲಗ್ ಹಾಕಿಕೊಂಡು ಜೋರಾಗಿ ಎಳೆಯಬೇಡಿ. ನೀರನ್ನು ಒತ್ತಿ ಕುಗ್ಗಿಸಲಿಕ್ಕೆ ಆಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗ್ತದೆ. ಹಗ್ಗ ಅರ್ಧದಲ್ಲಿ ಸಿಕ್ಕಿಕೊಂಡರೆ ಅಲ್ಲಿಗೇ ಬಿಡಿ.

ನೀರು ಹೋದ ಮೇಲೆ ಪ್ರತಿ ಸಿಲಿಂಡರಿಗೆ ಒಂದು ಚಮಚ 2ಟಿ (ಟೂ-ಸ್ಟ್ರೋಕ್) ಆಯಿಲ್, ನಾಲ್ಕೈದು ಸಲ ಎಳೆತ, ಪ್ಲಗ್ ಹಾಕಿ ಸ್ಟಾರ್ಟ್. ಮೊದಲ ಅರ್ಧ ಗಂಟೆ ಸೀಮೆಎಣ್ಣೆ ಬೇಡ, ಪೆಟ್ರೋಲಿಗೆ 25ಕ್ಕೆ 1ರಂತೆ ಆಯಿಲ್ ಸೇರಿಸಿ ಓಡಿಸಿ. ಅಂದರೆ 5 ಲೀಟರಿಗೆ 200 ಎಂಎಲ್. ಹೊಗೆ ಬರ್ತದೆ, ಬರಲಿ.

ಕಾರವಾರ_ಕಿನಾರೆ

ಇದನ್ನು ಓದುವ ಬೇರೆಯವರಿಗೆ ಒಂದು ಮಾತು ಸೇರಿಸ್ತೇನೆ, ಇಂಧನದ ಕಡೆಯಿಂದ. ಗಾಜಿನ ಹನಿಯಲ್ಲಿ ಉಪ್ಪು ಕಾಣದವರು ಕಾರ್ಬೊರೇಟರ್ ಬೌಲಿನ ಕೆಳಗಿನ ಸ್ಕ್ರೂ ಬಿಚ್ಚಿ ಬಾಟ್ಲಿಗೆ ಇಳಿಸಿ. ಸೀಮೆಎಣ್ಣೆಯ ತಳದಲ್ಲಿ ನೀರು ಪಾದರಸದ ಹಾಗೆ ಉರುಳ್ತದೆ, ಅನುಮಾನಕ್ಕೆ ಎಡೆ ಇಲ್ಲ.

ಪೆಟ್ರೋಲ್ ಹಾಗಲ್ಲ. ಈಗ ಬಂಕಿನಲ್ಲಿ ಸಿಗುವುದು ಇ20, ನೂರಕ್ಕೆ ಇಪ್ಪತ್ತು ಎಥನಾಲ್. ಎಥನಾಲ್ ನೀರನ್ನು ತನ್ನೊಳಗೆ ಎಳೆದುಕೊಂಡು ಮೊದಲು ಏನೂ ತೋರಿಸುವುದಿಲ್ಲ. ಮಿತಿ ದಾಟಿದ ಮೇಲೆ ಒಮ್ಮೆಲೇ ಎರಡೂ ಸೇರಿ ತಳಕ್ಕೆ ಬೇರೆ ಪದರವಾಗಿ ಇಳೀತವೆ, ಟ್ಯಾಂಕಿನ ಪೈಪ್ ಎಳೆಯುವುದು ಆ ತಳದ್ದನ್ನೇ. ಆ ಪದರದಲ್ಲಿ 2ಟಿ ಆಯಿಲ್ ಇರುವುದಿಲ್ಲ, ಅದು ಮೇಲಿನ ಪೆಟ್ರೋಲಿನಲ್ಲಿ ಉಳಿದಿರ್ತದೆ. ಎಂಜಿನ್ ಮುಕ್ಕರಿಸುವುದು ಮಾತ್ರ ಅಲ್ಲ, ಆಯಿಲ್ ಇಲ್ಲದೆ ಓಡ್ತದೆ. ಸ್ಟಾರ್ಟಿಗೆ ಅಂತ ಸಣ್ಣ ಕ್ಯಾನಿನಲ್ಲಿ ಎರಡು ತಿಂಗಳು ಅರ್ಧ ಖಾಲಿ ಇಟ್ಟ ಪೆಟ್ರೋಲ್ ಮಳೆಗಾಲದಲ್ಲಿ ಬೇಡವೇ ಬೇಡ. ಗಾಳಿಯ ಪಸೆಯನ್ನೂ ಅದು ಎಳೆದುಕೊಳ್ತದೆ. ಎರಡು ವಾರದಲ್ಲಿ ಮುಗಿಯುವಷ್ಟೇ ತನ್ನಿ, ಕ್ಯಾನ್ ತುಂಬಿಸಿಡಿ. ಟ್ಯಾಂಕಿಗೂ ಎಂಜಿನ್ನಿಗೂ ನಡುವೆ ನೀರು ಬೇರ್ಪಡಿಸುವ 10 ಮೈಕ್ರಾನ್ ಫಿಲ್ಟರ್ ಹಾಕಿದರೆ ತಳದ ಬಟ್ಟಲಿನಲ್ಲಿ ನೀರು ಕಣ್ಣಿಗೆ ಕಾಣ್ತದೆ.

ಅಳಿವೆ_ದೋಣಿ

ನೆಟ್ಟಗೆ ನಿಲ್ಲಿಸಿದ ಬೆಳಿಗ್ಗೆ ಎರಡೂ ಪ್ಲಗ್ ಒಣ, ಎರಡನೇ ಎಳೆತಕ್ಕೆ ಸ್ಟಾರ್ಟ್. ಮಲಗಿಸಿದ ಬೆಳಿಗ್ಗೆ ಕೆಳಗಿನದ್ದು ಒದ್ದೆ, ಹಗ್ಗ ಎಳೆದರೆ ತೂತಿನಿಂದ ನೀರು ಚಿಮ್ಮಿತು. ಕಂಪ್ರೆಷನ್ ಮೇಲೆ 105, ಕೆಳಗೆ 100. ಪಿಸ್ಟನ್ ಎರಡೂ ಕಪ್ಪು.

ಈಗ ಸೀಲ್ ಹಾಕುವುದು. ಮುಂದೆ ಹೇಗೆ ಹೋಗುವುದು? ಕ್ಯಾಪಿನ ಬೋಲ್ಟ್ ಎರಡೂ ಅಲ್ಲಾಡ್ತಾ ಇಲ್ಲ.

ಮಲ್ಪೆ_ಟೂಸ್ಟ್ರೋಕ್

ಸ್ಪ್ಯಾನರಿಗೆ ಪೈಪ್ ಹಾಕಿ ಎಳೆಯಬೇಡಿ, ಉಪ್ಪು ಹಿಡಿದ ಬೋಲ್ಟ್ ತಲೆ ಕತ್ತರಿಸಿಕೊಂಡು ಬರ್ತದೆ. ಅಲ್ಯೂಮಿನಿಯಂ ಒಳಗೆ ಉಳಿದ ಸ್ಟೀಲ್ ತುಂಡು ತೆಗೆಯುವುದು ಸೀಲ್ ಹಾಕುವುದಕ್ಕಿಂತ ಹತ್ತು ಪಾಲು ಕಷ್ಟ. ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿ ಬಿಡಿ. ಬೆಳಿಗ್ಗೆ ಬೋಲ್ಟಿನ ಸುತ್ತಲಿನ ಅಲ್ಯೂಮಿನಿಯಮನ್ನು ಹೀಟ್ ಗನ್ನಿನಿಂದ ಬಿಸಿ ಮಾಡಿ. ಬೋಲ್ಟಿಗಿಂತ ಅದು ಹೆಚ್ಚು ಹಿಗ್ತದೆ. ಬೋಲ್ಟ್ ತಲೆಗೆ ಸುತ್ತಿಗೆಯಲ್ಲಿ ನಾಲ್ಕು ಸಣ್ಣ ಏಟು ಕೊಟ್ಟು, ಮೊದಲು ಬಿಗಿಯುವ ಕಡೆಗೆ ಕೂದಲೆಳೆಯಷ್ಟು, ಆಮೇಲೆ ಬಿಚ್ಚುವ ಕಡೆಗೆ. ಗಾಳಿಯಾಡುವ ಜಾಗದಲ್ಲಿ, ಟ್ಯಾಂಕ್ ದೂರ ಇಟ್ಟು.

ಕ್ಯಾಪ್ ಹೊರಗೆಳೆಯುವಾಗ ಸ್ಕ್ರೂಡ್ರೈವರ್ ಸಿಕ್ಕಿಸಿ ಎಬ್ಬಿಸಬೇಡಿ, ಒ-ರಿಂಗ್ ಕೂರುವ ಮುಖಕ್ಕೆ ಗೀರು ಬೀಳ್ತದೆ. ಎರಡು ಕಾಲಿನ ಪುಲ್ಲರ್ ಹಾಕಿ. ಹೊರಗೆ ಬರುವಾಗ ಗೇರಿನ ಹಿಂದೆ ತೆಳ್ಳನೆಯ ಶಿಮ್ ಬರಬಹುದು, ಎಷ್ಟು ಇತ್ತೋ ಅಷ್ಟೇ ಅದೇ ಜಾಗಕ್ಕೆ ಹೋಗಬೇಕು. ಮುಂದಿನ ಗೇರ್, ಪಿನಿಯನ್ ಯಾವುದನ್ನೂ ಮುಟ್ಟುವ ಅಗತ್ಯ ಇಲ್ಲ.

ಹಳೆಯ ಸೀಲ್ ಕೀಳುವ ಮೊದಲು ಫೋಟೋ ತೆಗೆಯಿರಿ. ಒಳಗೆ ಎರಡು ಸೀಲ್ ಇರ್ತವೆ. ಕೆಲವು ಮಾದರಿಯಲ್ಲಿ ಬೆನ್ನಿಗೆ ಬೆನ್ನು, ಕೆಲವಲ್ಲಿ ಎರಡರ ಬಾಯಿಯೂ ಹೊರಗೆ. ಅಂದಾಜಿಗೆ ಹಾಕಿದರೆ ಅದೇ ತೊಂದರೆ ತಿರುಗಿ ಬರ್ತದೆ. ಹಳೆಯದು ಎಷ್ಟು ಆಳದಲ್ಲಿ ಕೂತಿತ್ತು ಅಂತಲೂ ಅಳೆದಿಡಿ. ಹೊಸದನ್ನು ಬೇರಿಂಗ್ ಅಂಗಡಿಯಲ್ಲಿ ತರುವುದಾದರೆ ಮುಖದ ಮೇಲಿನ ಮೂರು ಅಂಕೆ (ಒಳವ್ಯಾಸ, ಹೊರವ್ಯಾಸ, ದಪ್ಪ) ಹೊಂದಿದರೆ ಸಾಲದು, ತುಟಿಯ ಹಿಂದಿನ ಸ್ಪ್ರಿಂಗ್ ಸ್ಟೇನ್‌ಲೆಸ್ ಇರಬೇಕು. ಸಾದಾ ಸ್ಪ್ರಿಂಗ್ ಉಪ್ಪುನೀರಿಗೆ ತಿಂಗಳೊಪ್ಪತ್ತಿನಲ್ಲಿ ತುಂಡಾಗ್ತದೆ.

ಸೀಲಿನ ಹೊರವ್ಯಾಸಕ್ಕೆ ಸರಿಯಾದ ಸಾಕೆಟ್ ಇಟ್ಟು ನೆಟ್ಟಗೆ ಬಡಿದು ಕೂರಿಸಿ. ಎರಡು ಸೀಲಿನ ನಡುವೆ ನೀರಿಗೆ ಕರಗದ ಮರೀನ್ ಗ್ರೀಸ್ ತುಂಬಿ. ಶಾಫ್ಟಿನ ಹಲ್ಲುಗಳ ಮೇಲೆ ಒಂದು ಸುತ್ತು ಟೇಪ್ ಸುತ್ತಿಕೊಂಡು ಕ್ಯಾಪ್ ತೂರಿಸಿ, ಇಲ್ಲದಿದ್ದರೆ ಆ ಹಲ್ಲೇ ಹೊಸ ತುಟಿಯನ್ನು ಕೊಯ್ತದೆ. ಹೊಸ ಒ-ರಿಂಗ್, ಕ್ಯಾಪಿನ ಸುತ್ತ ಮತ್ತು ಬೋಲ್ಟಿನ ಎಳೆಗೆ ಅದೇ ಗ್ರೀಸ್, ಮುಂದಿನ ಸಲ ಬಿಚ್ಚುವವರಿಗೆ ಉಪಕಾರ.

ಅಳಿವೆ_ದೋಣಿ

ಬೋಲ್ಟ್ ಎರಡೂ ಬಂತು, ಬಿಸಿ ಮಾಡಿದ ಮೇಲೆ. ಆದರೆ ಸೀಲ್ ಉಜ್ಜುವ ಜಾಗದಲ್ಲಿ ಶಾಫ್ಟಿನ ಮೇಲೆ ಒಂದು ಸುತ್ತು ಗೆರೆ ಬಿದ್ದಿದೆ. ಉಗುರು ಎಳೆದರೆ ಸಿಕ್ಕಿಕೊಳ್ತದೆ. ಶಾಫ್ಟ್ ಬದಲಿಸಬೇಕಾ?

ಮಲ್ಪೆ_ಟೂಸ್ಟ್ರೋಕ್

ಗೆರೆಯ ಮೇಲೇ ಹೊಸ ಸೀಲ್ ಕೂರಿಸಿದರೆ ಒಂದು ತಿಂಗಳೂ ಬಾಳುವುದಿಲ್ಲ. ಉಗುರಿಗೆ ಸಿಕ್ಕಿದರೂ ಆಳ ಇಲ್ಲದಿದ್ದರೆ ಶಾಫ್ಟ್ ಉಳಿಸಬಹುದು. ಕ್ಯಾಪಿನಲ್ಲಿ ಜಾಗ ಇದ್ದರೆ ಸೀಲನ್ನು ಮೊದಲಿಗಿಂತ ಒಂದೂವರೆ ಮಿಲಿಮೀಟರ್ ಒಳಗೋ ಹೊರಗೋ ಕೂರಿಸಿ, ತುಟಿ ಸವೆಯದ ನುಣುಪು ಜಾಗಕ್ಕೆ ಬರಲಿ. ಜಾಗ ಇಲ್ಲದಿದ್ದರೆ ಶಾಫ್ಟಿನ ಮೇಲೆ ತೆಳು ಸ್ಟೇನ್‌ಲೆಸ್ ತೋಳು ಏರಿಸುವುದು ಉಂಟು, ಬೇರಿಂಗ್ ಅಂಗಡಿಯವರು ಅಳತೆ ಕೊಟ್ಟರೆ ತರಿಸ್ತಾರೆ. ಗೆರೆ ತೆಗೀಲಿಕ್ಕೆ ಅಂತ ಮಾತ್ರ ಉಜ್ಜು ಕಾಗದದಲ್ಲಿ ಉದ್ದಕ್ಕೆ ಉಜ್ಜಬೇಡಿ, ಉದ್ದ ಗೀರು ನೀರಿಗೆ ಕಾಲುವೆ. ಶಾಫ್ಟನ್ನು ತಿರುಗಿಸಿ ತುದಿ ಓಲಾಡ್ತದಾ ಅಂತಲೂ ನೋಡಿ. ಕಣ್ಣಿಗೆ ಕಾಣುವಷ್ಟು ಓಲಾಡಿದರೆ ಬಾಗಿದೆ ಅಂತ ಅರ್ಥ, ಆಗ ಬದಲಿಸಲೇಬೇಕು.

ಜೋಡಿಸಿದ ಮೇಲೆ ಖಾಲಿ ಇರುವಾಗಲೇ ಮತ್ತೆ ಒತ್ತಡ, ಸೆಳೆತ ಎರಡೂ ನೋಡಿ, ಶಾಫ್ಟ್ ತಿರುಗಿಸಿಕೊಂಡು. ನಿಂತ ಮೇಲೆಯೇ ಆಯಿಲ್. ಎಸ್‌ಎಇ 90 ದಪ್ಪದ ಗೇರ್ ಆಯಿಲ್, ಕೈಪಿಡಿ ಜಿಎಲ್-4 ದರ್ಜೆ ಅಂದರೆ ಅದೇ. ಕೆಳಗಿನ ತೂತಿನಿಂದ ಒತ್ತಿ ತುಂಬಿ. ಮೇಲಿನಿಂದ ಗುಳ್ಳೆ ಇಲ್ಲದೆ ಆಯಿಲ್ ಬಂದ ಮೇಲೆ ಮೊದಲು ಮೇಲಿನ ಸ್ಕ್ರೂ, ಆಮೇಲೆ ಕೆಳಗಿನದ್ದು. ಉಲ್ಟಾ ಮಾಡಿದರೆ ಅರ್ಧ ಆಯಿಲ್ ಕೈಯ ಮೇಲೆ. ಮೇಲಿನಿಂದ ಸುರಿದರೆ ಒಳಗೆ ಗಾಳಿ ಸಿಕ್ಕಿಕೊಂಡು ಅರ್ಧವೇ ತುಂಬ್ತದೆ. ವಾಷರ್ ಎರಡೂ ಹೊಸದು, ಈ ಸಲವಾದರೂ.

ಮೂಲೆಯಲ್ಲಿ ಹಳೆಯ ನೀರು ಉಳಿದಿರ್ತದೆ. ಹತ್ತು ನಿಮಿಷ ಓಡಿಸಿ ಬಿಸಿ ಇರುವಾಗಲೇ ಇಳಿಸಿ, ಮತ್ತೆ ಹೊಸದು ತುಂಬಿ. ಕಾಲು ಲೀಟರ್ ಆಯಿಲ್ ಹೆಚ್ಚು ಖರ್ಚು, ಆದರೆ ಹತ್ತು ಗಂಟೆ ಓಡಿಸಿದ ಮೇಲೆ ಪರೀಕ್ಷೆ ಮಾಡುವಾಗ ಕಂಡ ನೀರು ಹಳೆಯದೋ ಹೊಸದೋ ಅಂತ ಜಗಳ ಇರುವುದಿಲ್ಲ.

ಕಾಲು ಬಿಚ್ಚಬೇಕಾಗಿ ಬಂದರೆ ವಾಟರ್ ಪಂಪಿನ ಇಂಪೆಲ್ಲರ್ ಕೂಡ ಬದಲಿಸಿ. ರೆಕ್ಕೆ ಮಡಚಿ ಕೂರಿಸುವಾಗ ಡ್ರೈವ್ ಶಾಫ್ಟನ್ನು ಮೇಲಿನಿಂದ ನೋಡಿ ಗಡಿಯಾರದ ದಿಕ್ಕಿಗೆ ತಿರುಗಿಸುತ್ತ ಒತ್ತಬೇಕು. ಮತ್ತೆ ಏರಿಸುವಾಗ ಶಾಫ್ಟಿನ ಹಲ್ಲುಗಳ ಬದಿಗೆ ಗ್ರೀಸ್ ಹಚ್ಚಿ, ತುದಿಯ ಚಪ್ಪಟೆ ಮುಖಕ್ಕೆ ಬೇಡ. ಅಲ್ಲಿ ಗ್ರೀಸ್ ಸಿಕ್ಕಿಕೊಂಡರೆ ಕಾಲು ಪೂರ್ತಿ ಕೂರುವುದಿಲ್ಲ.

ಹಳೇ_ಸ್ಪ್ಯಾನರ್

ಶೆಡ್ಡಿನಲ್ಲಿ ಎರಡು ಮರದ ಗೂಟಕ್ಕೆ ಅಡ್ಡ ಹಲಗೆ ಹೊಡೆದರೆ ಸ್ಟ್ಯಾಂಡ್ ಆಯ್ತು, ಎಂಜಿನ್ ನೆಟ್ಟಗೆ ತೂಗಲಿ. ಮಲಗಿಸಲೇಬೇಕಾದ ದಿನ ದೋಣಿಯಿಂದ ಎತ್ತಿದ ಮೇಲೆ ಒಂದೆರಡು ನಿಮಿಷ ನೆಟ್ಟಗೆ ಹಿಡಿದು ನೀರು ಪೂರ್ತಿ ಸುರಿಯಲಿ. ಆಮೇಲೆ ಪುಸ್ತಕದ ಚಿತ್ರದಲ್ಲಿ ತೋರಿಸಿದ ಬದಿಗೆ, ಗೋಣಿ ತಲೆಯ ಅಡಿಗೆ ದಪ್ಪ ಹಾಕಿ, ಫ್ಯಾನ್ ಕೆಳಗಿರುವ ಹಾಗೆ. ಫ್ಯಾನಿಗೆ ಪೆಟ್ಟಾಗಬಾರದು ಅಂತಿದ್ದರೆ ಅದಕ್ಕೆ ಹಳೆ ಟಯರ್ ತುಂಡು ಕಟ್ಟಿ, ಕಟ್ಟೆ ಬೇಡ. ಫ್ಯಾನನ್ನು ಹದಿನೈದು ದಿನಕ್ಕೊಮ್ಮೆ ಬಿಚ್ಚಿ ಹಿಂದಿನ ವಾಷರಿನಲ್ಲಿ ನೂಲು ಇದೆಯಾ ನೋಡಿ. ಫ್ಯಾನಿನ ನಟ್ ಬಿಚ್ಚದಂತೆ ಹಾಕುವ ಪಿನ್ ಹೊಸದು ಹಾಕಿ, ಬಳಸಿದ ಪಿನ್ನನ್ನೇ ನೇರ ಮಾಡಿ ಮತ್ತೆ ಹಾಕಬೇಡಿ.

ಅಳಿವೆ_ದೋಣಿ

ಸೀಲನ್ನು ಒಂದೂವರೆ ಮಿಲಿಮೀಟರ್ ಹೊರಗೆ ಕೂರಿಸಿದೆ. ಶಾಫ್ಟ್ ಓಲಾಡುವುದಿಲ್ಲ. ಬಿಪಿ ಮೀಟರ್ 250ರಲ್ಲಿ, ಶಾಫ್ಟ್ ತಿರುಗಿಸಿದರೂ ಹತ್ತು ನಿಮಿಷ ನಿಂತಿತು. ಬ್ರೇಕಿನ ಪಂಪ್ ಗ್ಯಾರೇಜಿನಿಂದ ತಂದು 15 ಇಂಚಿಗೂ ನೋಡಿದೆ, ಇಳಿಯಲಿಲ್ಲ. ಹನ್ನೊಂದು ಗಂಟೆ ಓಡಿಸಿ ಇವತ್ತು ಕೆಳಗಿನ ಸ್ಕ್ರೂ ಸಡಿಲಿಸಿದೆ: ಆಯಿಲ್ ತುಂಬಿದಾಗಿನ ಬಣ್ಣದಲ್ಲೇ ಬಂತು.